ಚಕ್ರದ ಮೇಲಿನ ಮನೆ ಮತ್ತು ಪ್ರಭುತ್ವದ ಹೊಣೆ

ಮನೆ ಎಂದರೇನು? ಕೇಳಲು ಇದು ಮಕ್ಕಳ ಪ್ರಶ್ನೆಯಂತಿದೆ. ಆದರೆ 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತವು ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿ ಲೂಯಿಸಿಯಾನ ಮತ್ತು ಮಿಸಿಸಿಪ್ಪಿ ರಾಜ್ಯಗಳ ಲಕ್ಷಾಂತರ ಮಂದಿಯನ್ನು ನಿರ್ವಸಿತರನ್ನಾಗಿಸಿದ ಬಳಿಕ, ಅವರಲ್ಲಿ ಬಹಳಷ್ಟು ಮಂದಿಯ ಆರೋಗ್ಯವು ಈ ಪ್ರಶ್ನೆಗೆ ಕಾನೂನು ಕೊಟ್ಟಿದ್ದ ಉತ್ತರವನ್ನೇ ಅವಲಂಬಿಸಿತ್ತು. ಸಂತ್ರಸ್ತರಿಗೆ ತಾತ್ಕಾಲಿಕ ಆಸರೆ ಒದಗಿಸುವ ಹೊಣೆ ಹೊತ್ತಿದ್ದ ಫೆಡರಲ್ ತುರ್ತು ನಿರ್ವಹಣಾ ಸಂಸ್ಥೆಯು (ಫೇಮಾ) ಸುಮಾರು 270 ಕೋಟಿ ಡಾಲರ್ ವ್ಯಯಿಸಿ 1 ಲಕ್ಷ 40 ಸಾವಿರಕ್ಕೂ ಅಧಿಕ ಟ್ರೈಲರ್‌ಗಳನ್ನೂ ಮೊಬೈಲ್ ಮನೆಗಳನ್ನೂ ಖರೀದಿಸಿತು. ಕಾರ್ಖಾನೆಯಲ್ಲಿ ಸಿದ್ಧಗೊಂಡು ಚಕ್ರದ ಮೇಲೆ ಉರುಳಿ ಬಂದ ಈ ಗೂಡುಗಳೊಳಗೆ ಸಂತ್ರಸ್ತ ಕುಟುಂಬಗಳು ಬಂದು ಸೇರಿಕೊಂಡವು. ಚಂಡಮಾರುತದಿಂದ ಬದುಕಿ ಉಳಿದವರಿಗೆ ತಲೆಯ ಮೇಲೊಂದು ಸೂರು ಸಿಕ್ಕಿತೆಂದು ದೇಶ ನಿಟ್ಟುಸಿರು ಬಿಟ್ಟಿತು.

ಆದರೆ ಕೆಲವೇ ತಿಂಗಳುಗಳಲ್ಲಿ ದೂರುಗಳು ಬರಲಾರಂಭಿಸಿದವು. ಕಣ್ಣುರಿ, ಮೂಗಿನಲ್ಲಿ ರಕ್ತ, ಬಿಡದ ಕೆಮ್ಮು, ಉಸಿರಾಡಲು ಚಡಪಡಿಸುವ ಮಕ್ಕಳು. ಕಾರಣವು ಗೋಡೆಯೊಳಗೇ ಇತ್ತು. ಟ್ರೈಲರಿನ ಗೋಡೆ, ನೆಲ, ಕಪಾಟುಗಳಿಗೆ ಬಳಸಿದ್ದ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಸೂಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದ್ದ ಅನಿಲವಿದು. 2008ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತಾನು ಪರೀಕ್ಷಿಸಿದ 519 ಟ್ರೈಲರ್ ಹಾಗೂ ಮೊಬೈಲ್ ಮನೆಗಳ ಫಲಿತಾಂಶವನ್ನು ಪ್ರಕಟಿಸಿತು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಈ ಅನಿಲದ ಪ್ರಮಾಣ ಸರಾಸರಿ 77 ಭಾಗವಿತ್ತು; ಕೆಲವೆಡೆ ಅದು 590ಕ್ಕೆ ಏರಿತ್ತು. ಸಾಮಾನ್ಯ ಮನೆಗಳೊಳಗೆ ಇದು ಹತ್ತು-ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಚಂಡಮಾರುತ ಕಳೆದು ಎರಡೂವರೆ ವರ್ಷಗಳಾದ ಮೇಲೆ, ಅಲ್ಲಿ ಇನ್ನೂ ವಾಸವಿದ್ದವರನ್ನು ಆದಷ್ಟು ಬೇಗ ಹೊರಗೆ ಕರೆತರಬೇಕೆಂದು ಸರಕಾರ ತೀರ್ಮಾನಿಸಿತು!

ಅಷ್ಟು ತಡವೇಕಾಯಿತು? 2007ರ ಜುಲೈಯಲ್ಲಿ ಅಮೆರಿಕದ ಕೆಳಮನೆಯ ಸಮಿತಿಯೊಂದು ನಡೆಸಿದ ವಿಚಾರಣೆಯಲ್ಲಿ ಇದಕ್ಕೆ ಉತ್ತರ ದೊರೆಯಿತು. ದೂರುಗಳು ಬಂದಾಗ ಪರೀಕ್ಷೆ ನಡೆಸಬೇಕೆಂದು ಕ್ಷೇತ್ರ ಸಿಬ್ಬಂದಿ ಒತ್ತಾಯಿಸಿದ್ದರು. ಆದರೆ ಸಂಸ್ಥೆಯ ವಕೀಲರು ಅದಕ್ಕೆ ಅಡ್ಡಿಯಾಗಿದ್ದರು. ಪರೀಕ್ಷಿಸಿ ವಿಷವಿದೆಯೆಂದು ತಿಳಿದುಬಂದರೆ ಪರಿಹಾರದ ಹೊಣೆಯೂ ಹೆಗಲೇರುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಅರ್ಥಾತ್, ತಿಳಿಯದಿರುವುದೇ ಕ್ಷೇಮ. ಯಾರ ಕ್ಷೇಮ? ಟ್ರೈಲರಿನೊಳಗೆ ಮಲಗಿದ್ದ ಮಗುವಿನದ್ದಂತೂ ಅಲ್ಲ.

ಈ ಪ್ರಕರಣವನ್ನು ಒಂದು ಇಲಾಖೆಯ ನಿರ್ದಯತೆಯೆಂದು ಬಗೆದು ಮುಂದೆ ಸಾಗಬಹುದು. ಆದರೆ ಅದರ ಬೇರು ಇನ್ನೂ ಆಳದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕಾರ್ಖಾನೆಯಲ್ಲಿ ತಯಾರಾಗುವ ಮನೆಗಳಲ್ಲಿ ಬಳಸುವ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್ ಎಷ್ಟು ಫಾರ್ಮಾಲ್ಡಿಹೈಡ್ ಹೊರಸೂಸಬಹುದೆಂಬುದಕ್ಕೆ ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯು 1985ರಿಂದಲೇ ಮಿತಿ ವಿಧಿಸಿತ್ತು. ಹಾಗಿದ್ದೂ ಫೇಮಾದ ಟ್ರೈಲರ್‌ಗಳಿಗೆ ಆ ಮಿತಿ ಅನ್ವಯಿಸಲಿಲ್ಲ. ಏಕೆಂದರೆ ಪ್ರವಾಸಿ ಟ್ರೈಲರ್ ಎಂಬುದು ಕಾನೂನಿನ ದೃಷ್ಟಿಯಲ್ಲಿ ಮನೆಯಲ್ಲ, ವಾಹನ; ವಾರಾಂತ್ಯದ ವಿಹಾರಕ್ಕೆ ಒಯ್ಯುವ ವಾಹನ. ಅದರೊಳಗೆ ಒಂದು ಕುಟುಂಬ ಎರಡು ವರ್ಷ ಸಂಸಾರ ಹೂಡಿದರೂ, ಅಡುಗೆ ಮಾಡಿದರೂ, ಮಗುವಿಗೆ ತೊಟ್ಟಿಲು ಕಟ್ಟಿದರೂ ಅದು ವಾಹನವೇ. ಒಂದು ಶಬ್ದದ ವ್ಯಾಖ್ಯೆ ಸಾವಿರಾರು ಕುಟುಂಬಗಳನ್ನು ರಕ್ಷಣೆಯ ಬೇಲಿಯಿಂದ ಹೊರಗಿಟ್ಟಿತು.

ಈ ಬೇಲಿಯನ್ನು ಕಟ್ಟಿದ ಬಗೆಯನ್ನೂ ತಿಳಿದುಕೊಳ್ಳಬೇಕಾಗಿದೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದ ಕಾರ್ಮಿಕರು, ನಿವೃತ್ತರು, ಹೊಸದಾಗಿ ಸಂಸಾರ ಹೂಡಿದವರು ಇಟ್ಟಿಗೆಯ ಮನೆ ಕೊಳ್ಳಲಾರದೆ ಈ ಚಕ್ರದ ಮನೆಗಳತ್ತ ತಿರುಗಿದರು. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಐದು ಲಕ್ಷಕ್ಕೂ ಅಧಿಕ ಮೊಬೈಲ್ ಮನೆಗಳು ಮಾರಾಟವಾಗುತ್ತಿದ್ದವು. ಆದರೆ ಬೆಂಕಿ ಬಿದ್ದರೆ ನಿಮಿಷಗಳಲ್ಲಿ ಬೂದಿಯಾಗುವ, ಬಿರುಗಾಳಿಗೆ ಮಗುಚಿ ಬೀಳುವ, ಮಲಗುವ ಕೋಣೆಯಿಂದ ಪಾರಾಗಲು ಸರಿಯಾದ ಕಿಟಕಿಯೂ ಇಲ್ಲದ ಮನೆಗಳು ಅವುಗಳಲ್ಲಿ ಸಾಕಷ್ಟಿದ್ದವು. ಬಹುತೇಕ ರಾಜ್ಯಗಳು ಒಂದು ಮಾದರಿ ಸಂಹಿತೆಯನ್ನು ಹೆಸರಿಗೆ ಅಳವಡಿಸಿಕೊಂಡಿದ್ದರೂ ಜಾರಿಯ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ದಾರಿಯಾಗಿತ್ತು. ಒಂದು ರಾಜ್ಯದ ಕಾರ್ಖಾನೆಯಲ್ಲಿ ತಯಾರಾಗಿ, ಎರಡನೆಯದನ್ನು ಹಾದು, ಮೂರನೆಯದರಲ್ಲಿ ನೆಲೆಯೂರುವ ಮನೆಗೆ ಯಾರು ಹೊಣೆ?

ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಕಾಂಗ್ರೆಸ್ 1974ರಲ್ಲಿ ಕಾನೂನು ರಚಿಸಿತು. ಅದರನ್ವಯ ವಸತಿ ಇಲಾಖೆಯು ರೂಪಿಸಿದ ಸಂಹಿತೆ 1976ರ ಜೂನ್ 15ರಿಂದ ಜಾರಿಗೆ ಬಂದಿತು. ಚೌಕಟ್ಟಿನ ಬಲ, ವಿದ್ಯುತ್ ತಂತಿ, ನೀರಿನ ಕೊಳವೆ, ಶಾಖ, ಅಗ್ನಿಸುರಕ್ಷೆ, ಹೊಗೆ ಎಚ್ಚರಿಕೆಯ ಗಂಟೆ, ಮಲಗುವ ಕೋಣೆಯ ಪಾರುಕಿಟಕಿ ಇವೆಲ್ಲವೂ ಅದರ ವ್ಯಾಪ್ತಿಗೆ ಬಂದವು. ಪರಿಶೀಲನೆಯಾದ ಪ್ರತಿಯೊಂದು ಭಾಗದ ಹೊರಗೋಡೆಗೆ ಎರಡು ಇಂಚು ಅಗಲ, ನಾಲ್ಕು ಇಂಚು ಉದ್ದದ ಕೆಂಪು ಲೋಹದ ಪಟ್ಟಿಯನ್ನು ಜಡಿಯುವುದು ಕಡ್ಡಾಯವಾಯಿತು. ಇಡೀ ದೇಶಕ್ಕೆ ಒಂದೇ ಸಂಹಿತೆ. ಸ್ಥಳೀಯ ಆಡಳಿತವು ಇದಕ್ಕಿಂತ ಬೇರೆಯಾದ ನಿರ್ಮಾಣ ನಿಯಮವನ್ನು ಹೇರುವಂತಿಲ್ಲ. ಚಾಸಿಯಿಲ್ಲದೆ, ಭಾಗಭಾಗವಾಗಿ ಬಂದು ಅಡಿಪಾಯದ ಮೇಲೆ ಜೋಡಣೆಗೊಳ್ಳುವ ಇನ್ನೊಂದು ಬಗೆಯ ಕಾರ್ಖಾನೆ ಮನೆಗಳು ಮಾತ್ರ ರಾಜ್ಯಗಳ ಸುಪರ್ದಿಯಲ್ಲೇ ಉಳಿದವು. ಕ್ಯಾಲಿಫೋರ್ನಿಯ ರಾಜ್ಯವು ಇಂತಹ ಮನೆಗಳಿಗಾಗಿ 1969ರಲ್ಲಿಯೇ ಪ್ರತ್ಯೇಕ ಕಾನೂನು ಮಾಡಿತ್ತು.

ಕಾರ್ಖಾನೆಯ ಮನೆಗೆ ಪ್ರಭುತ್ವದ ಕಣ್ಗಾವಲು ವಿಶೇಷವಾಗಿ ಬೇಕು ಎನ್ನಲು ಒಂದು ಸರಳ ಕಾರಣವಿದೆ. ಊರಿನ ಮೇಸ್ತ್ರಿ ಕಟ್ಟುವ ಗೋಡೆಯನ್ನು ಮಾಲಕ ದಿನವೂ ನೋಡುತ್ತಾನೆ. ಸಿಮೆಂಟ್ ಕಡಿಮೆಯಾದರೆ ಪ್ರಶ್ನಿಸುತ್ತಾನೆ. ಕಾರ್ಖಾನೆಯ ಗೋಡೆ ಮಾತ್ರ ಮುಚ್ಚಿಕೊಂಡೇ ಬರುತ್ತದೆ. ಅದರೊಳಗಿನ ತಂತಿ, ಮೊಳೆ, ಅಂಟು ಯಾವುದೂ ಕೊಳ್ಳುವವನ ಕಣ್ಣಿಗೆ ಬೀಳದು. ಮೇಸ್ತ್ರಿಯ ತಪ್ಪು ಒಂದು ಮನೆಯ ತಪ್ಪಾಗಿ ಮುಗಿದರೆ ಕಾರ್ಖಾನೆಯ ತಪ್ಪು ಸಾವಿರ ಮನೆಗಳಿಗೆ ಹರಡುತ್ತದೆ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಕಟ್ಟಡವನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಜೋಡಿಸಿ ಕಟ್ಟಲಾಗಿತ್ತು. 1968ರ ಮೇ 16ರ ಮುಂಜಾನೆ 18ನೇ ಮಹಡಿಯ ಅಡುಗೆ ಕೋಣೆಯಲ್ಲಿ ಅನಿಲ ಸ್ಫೋಟಿಸಿದಾಗ ಒಂದು ಗೋಡೆ ಹೊರಕ್ಕೆ ಸರಿಯಿತು. ಅದನ್ನು ಹಿಂಬಾಲಿಸಿ ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳತನಕ ಕುಸಿಯಿತು. ನಾಲ್ವರು ಸಾವಿಗೀಡಾದರು. ಜನರು ವಾಸಕ್ಕೆ ಬಂದು ಎರಡು ತಿಂಗಳಷ್ಟೇ ಆಗಿತ್ತು. ಅದೇ ಮಾದರಿಯ ಜೋಡಣೆ ಇನ್ನೆಷ್ಟು ಕಟ್ಟಡಗಳಲ್ಲಿದೆಯೋ ಎಂಬ ಭಯದಿಂದ ಬ್ರಿಟನ್ ತನ್ನ ಕಟ್ಟಡ ನಿಯಮಗಳನ್ನೇ ತಿದ್ದಬೇಕಾಯಿತು.

ಇಲ್ಲಿ ಉದ್ಯಮಗಳ ಒಂದು ವಾದವನ್ನು ಗಂಭೀರವಾಗಿ ಪರಿಗಣಿಸಬೇಕು. ನಿಯಮಗಳು ಹೆಚ್ಚಿದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದರೆ ಬಡವನಿಗೆ ಮನೆ ಕೈಗೆಟುಕದು ಎಂಬ ವಾದವಿದು. ಮೇಲ್ನೋಟಕ್ಕೆ ಇದು ಬಡವರ ಪರವಾದ ಮಾತಿನಂತೆಯೇ ಕೇಳಿಸುತ್ತದೆ. ಹಾಗಾದರೆ ನಿಯಮ ಸಡಿಲವಾಗಿದ್ದಾಗ ಬಡವನು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯೋಣ. 1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತವು ಫ್ಲೋರಿಡಕ್ಕೆ ಅಪ್ಪಳಿಸಿದಾಗ ಹೋಮ್‌ಸ್ಟೆಡ್ ಪಟ್ಟಣದಲ್ಲಿ 1,176 ಮೊಬೈಲ್ ಮನೆಗಳಿದ್ದವು. ಅವುಗಳಲ್ಲಿ 1,167 ಸಂಪೂರ್ಣ ನಾಶವಾದವು. ಉಳಿದದ್ದು ಒಂಭತ್ತು! 1976ರ ಸಂಹಿತೆಯು ಗಾಳಿಯ ಬಲವನ್ನು ಎಷ್ಟು ಕಡಿಮೆ ಅಂದಾಜು ಮಾಡಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸರಕಾರವು 1994ರಲ್ಲಿ ದೇಶವನ್ನು ಮೂರು ಗಾಳಿ ವಲಯಗಳಾಗಿ ವಿಂಗಡಿಸಿ, ಕರಾವಳಿಯ ವಲಯಗಳಿಗೆ ಕಳುಹಿಸುವ ಮನೆಗಳು ಗಂಟೆಗೆ 100 ಮತ್ತು 110 ಮೈಲಿ ವೇಗದ ಗಾಳಿಯನ್ನು ತಾಳಿಕೊಳ್ಳಬೇಕೆಂದು ವಿಧಿಸಿತು. ಬೆಲೆ ಏರುತ್ತದೆಂಬ ಆಕ್ಷೇಪ ಆಗಲೂ ಕೇಳಿಬಂದಿತ್ತು. ಹತ್ತು ವರ್ಷಗಳ ಬಳಿಕ, 2004ರಲ್ಲಿ ಫ್ಲೋರಿಡವನ್ನು ಒಂದರ ಹಿಂದೊಂದರಂತೆ ಚಂಡಮಾರುತಗಳು ಕಾಡಿದಾಗ 1994ರ ನಂತರದ ಮನೆಗಳು ಹಳೆಯವುಗಳಿಗಿಂತ ಬಹಳ ಚೆನ್ನಾಗಿ ನಿಂತವು. ಒಂದೇ ಪಾರ್ಕಿನಲ್ಲಿ, ಒಂದೇ ಗಾಳಿಗೆ ಒಂದು ಮನೆ ಚೂರಾಗಿ ಪಕ್ಕದ ಮನೆ ಉಳಿದುಕೊಂಡಿತೆಂದರೆ ಆ ವ್ಯತ್ಯಾಸವನ್ನು ಉಂಟುಮಾಡಿದ್ದು ಆ ನಿಯಮಗಳೇ. ಅಗ್ಗದ ಮನೆ ಬೇಕು, ನಿಜ. ಆದರೆ ಜೀವವನ್ನು ಅಗ್ಗವಾಗಿಸಿ ಮನೆಯನ್ನು ಅಗ್ಗವಾಗಿಸುವುದು ವ್ಯಾಪಾರವೇ ಹೊರತು ಪರೋಪಕಾರವಲ್ಲ.

ಹಾಗೆಂದು ಕೆಂಪು ಪಟ್ಟಿ ಜಡಿದ ಮಾತ್ರಕ್ಕೆ ಪ್ರಭುತ್ವದ ಹೊಣೆ ತೀರುವುದಿಲ್ಲ. ಮನೆ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ನೆಲಕ್ಕೆ ಬಿಗಿಯುವ ಉಕ್ಕಿನ ಪಟ್ಟಿ ಮತ್ತು ಲಂಗರುಗಳು ಸಡಿಲವಾಗಿದ್ದರೆ ಗಾಳಿ ಅದನ್ನು ಡಬ್ಬದಂತೆ ಉರುಳಿಸುತ್ತದೆ. ಕಾರ್ಖಾನೆಯಲ್ಲಿ ಎಲ್ಲವನ್ನೂ ಪರೀಕ್ಷಿಸಿದ ಸಂಹಿತೆಯು ಮನೆಯನ್ನು ನೆಲದ ಮೇಲೆ ಕೂರಿಸುವ ಕೆಲಸವನ್ನು ದೀರ್ಘಕಾಲ ರಾಜ್ಯಗಳ ಮರ್ಜಿಗೆ ಬಿಟ್ಟಿತ್ತು. ಈ ಕೆಲಸಕ್ಕೂ ಕನಿಷ್ಠ ಮಟ್ಟವಿರಬೇಕು, ಮಾರಾಟಗಾರ ಮತ್ತು ತಯಾರಕ ಪರಸ್ಪರ ಬೆರಳು ತೋರಿಸಿ ನುಣುಚಿಕೊಳ್ಳದಂತೆ ವಿವಾದ ಪರಿಹಾರದ ವ್ಯವಸ್ಥೆಯಿರಬೇಕು ಎಂದು ಕಾಂಗ್ರೆಸ್ ಹೇಳಿದ್ದು 2000ದಲ್ಲಿ. ಮೊದಲ ಕಾನೂನಿಗೂ ಇದಕ್ಕೂ ನಡುವೆ 26 ವರ್ಷಗಳ ಅಂತರ! ಇಂದಿಗೂ ಅಮೆರಿಕದಲ್ಲಿ ಸುಂಟರಗಾಳಿಗೆ ಮನೆಯೊಳಗಿದ್ದು ಬಲಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂತಹ ಮನೆಗಳವರು. ದೇಶದ ಒಟ್ಟು ಮನೆಗಳಲ್ಲಿ ಇವುಗಳ ಪಾಲಾದರೋ ಬಹಳ ಚಿಕ್ಕದು.

2005ರ ನವೆಂಬರ್ 6ರ ನಸುಕಿನಲ್ಲಿ ಇಂಡಿಯಾನ ರಾಜ್ಯದ ಇವಾನ್ಸ್‌ವಿಲ್ ಬಳಿಯ ಮೊಬೈಲ್ ಮನೆಗಳ ಪಾರ್ಕೊಂದಕ್ಕೆ ಸುಂಟರಗಾಳಿ ನುಗ್ಗಿತು. ನಿದ್ದೆಯಲ್ಲಿದ್ದ ಸುಮಾರು 20 ಮಂದಿ ಆ ಒಂದೇ ಪಾರ್ಕಿನಲ್ಲಿ ಪ್ರಾಣ ಕಳಕೊಂಡರು. ತನ್ನ ಎರಡು ವರ್ಷದ ಮಗನನ್ನು ಕಳಕೊಂಡ ತಾಯಿಯೊಬ್ಬಳು ಶೋಕದಲ್ಲಿ ಕುಸಿದು ಕೂರಲಿಲ್ಲ. ಹವಾಮಾನದ ಎಚ್ಚರಿಕೆ ನೀಡುವ ಪುಟ್ಟ ರೇಡಿಯೋ ಮನೆಯಲ್ಲಿದ್ದಿದ್ದರೆ ಎಚ್ಚರವಾಗುತ್ತಿತ್ತು ಎಂದು ಆಕೆ ಶಾಸಕರ ಬಾಗಿಲು ತಟ್ಟಿದಳು. ಪರಿಣಾಮವಾಗಿ, ಹೊಸದಾಗಿ ಸ್ಥಾಪಿಸುವ ಕಾರ್ಖಾನೆ ಮನೆಗಳಲ್ಲಿ ಅಂತಹ ರೇಡಿಯೋ ಇರಲೇಬೇಕೆಂಬ ಕಾನೂನನ್ನು ಇಂಡಿಯಾನ 2007ರಲ್ಲಿ ಅಂಗೀಕರಿಸಿತು. ಒಂದು ಕಾನೂನಿನ ಕಲಮಿನ ಹಿಂದೆ ಎಷ್ಟೊಂದು ಕಣ್ಣೀರು ಇರಬಹುದೆಂಬುದನ್ನು, ನಿಯಮಗಳನ್ನೆಲ್ಲ ಕಿರುಕುಳವೆಂದು ಹೀಗಳೆಯುವವರು ಒಮ್ಮೆ ಯೋಚಿಸಬೇಕು.

ಪರಿಶೀಲನೆಯ ವಿಷಯದಲ್ಲಿಯೂ ನಮಗೊಂದು ತಕರಾರಿದೆ. ವಿನ್ಯಾಸಕ್ಕೆ ಒಪ್ಪಿಗೆ ನೀಡುವ ಮತ್ತು ಕಾರ್ಖಾನೆಯೊಳಗೆ ತಪಾಸಣೆ ನಡೆಸುವ ಕೆಲಸವನ್ನು ಅಮೆರಿಕದಲ್ಲಿ ಸರಕಾರದ ಮಾನ್ಯತೆ ಪಡೆದ ಸಂಸ್ಥೆಗಳು ಮಾಡುತ್ತವೆ. ಇವುಗಳಲ್ಲಿ ಬಹಳಷ್ಟು ಖಾಸಗಿ. ಅವುಗಳ ಶುಲ್ಕವನ್ನು ತೆರುವವನು ಅದೇ ಕಾರ್ಖಾನೆಯ ಮಾಲಕ. ಪರೀಕ್ಷಕನ ಸಂಬಳವನ್ನು ಪರೀಕ್ಷೆ ಬರೆಯುವವನೇ ಕೊಡುವ ಏರ್ಪಾಡಿನಲ್ಲಿ ಎಲ್ಲರೂ ಅಪ್ರಾಮಾಣಿಕರಾಗುತ್ತಾರೆಂದು ನಾವು ಹೇಳಲಾರೆವು. ಆದರೆ ಪ್ರಾಮಾಣಿಕತೆಯು ವ್ಯಕ್ತಿಯ ಸದ್ಗುಣದ ಮೇಲೆ ಮಾತ್ರ ನಿಲ್ಲಬಾರದು, ವ್ಯವಸ್ಥೆಯೂ ಅದಕ್ಕೆ ಆಸರೆಯಾಗಬೇಕು. ಫಾರ್ಮಾಲ್ಡಿಹೈಡ್ ಪ್ರಕರಣವು ಕಲಿಸಿದ ಪಾಠವೂ ಇದೇ. ಮರದ ಹಲಗೆಗಳ ಕುರಿತು ಇಡೀ ದೇಶಕ್ಕೆ ಅನ್ವಯವಾಗುವ ಕಾನೂನು 2010ರಲ್ಲಿ ರಚನೆಯಾಯಿತು. ಅದು ತಯಾರಕರ ಮೇಲೆ ಕಡ್ಡಾಯವಾಗಿ ಜಾರಿಗೆ ಬಂದಾಗ 2018ರ ಜೂನ್ ಆಗಿತ್ತು. ಸಂತ್ರಸ್ತರು ಹೂಡಿದ್ದ ಸಾಮೂಹಿಕ ದಾವೆಯು 2012ರಲ್ಲಿ 4 ಕೋಟಿ 26 ಲಕ್ಷ ಡಾಲರುಗಳ ಪರಿಹಾರದೊಂದಿಗೆ ಕೊನೆಗೊಂಡಿತು. ಲಕ್ಷಕ್ಕೂ ಮಿಕ್ಕಿದ ಟ್ರೈಲರ್‌ಗಳ ವಾಸಿಗಳಿಗೆ ಅದನ್ನು ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದೆಷ್ಟೆಂದು ಓದುಗರೇ ಲೆಕ್ಕ ಹಾಕಬಹುದು. ಇನ್ನೂ ವಿಪರ್ಯಾಸವೆಂದರೆ, ವಾಸಯೋಗ್ಯವಲ್ಲ ಎಂಬ ಚೀಟಿ ಅಂಟಿಸಿ ಸರಕಾರವೇ ಹರಾಜು ಹಾಕಿದ ಆ ಟ್ರೈಲರ್‌ಗಳಲ್ಲಿ ಕೆಲವು, 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆಯನ್ನು ಶುಚಿಗೊಳಿಸಲು ಬಂದ ಕಾರ್ಮಿಕರ ವಸತಿಗಳಾಗಿ ಮತ್ತೆ ಕಾಣಿಸಿಕೊಂಡವು. ಮನೆಯನ್ನು ತಿರಸ್ಕರಿಸಬಹುದು, ಚೀಟಿಯನ್ನು ಹರಿದು ಹಾಕಬಹುದು. ಬಡವನಿಗೆ ಮಾತ್ರ ಆಯ್ಕೆಯೇ ಇರುವುದಿಲ್ಲ.

ಇಷ್ಟರ ತನಕ ನಾವು ಗೋಡೆಯ ಬಗ್ಗೆ ಮಾತನಾಡಿದೆವು. ಗೋಡೆ ನಿಂತಿರುವ ನೆಲದ ಪ್ರಶ್ನೆ ಇದಕ್ಕಿಂತಲೂ ಕಠಿಣವಾದುದು. ಅಮೆರಿಕದಲ್ಲಿ ಇಂದು ಸುಮಾರು ಎರಡು ಕೋಟಿ ಮಂದಿ ಇಂತಹ ಮನೆಗಳಲ್ಲಿ ವಾಸಿಸುತ್ತಿದ್ದಾರೆ. ಅವರಲ್ಲಿ ದೊಡ್ಡದೊಂದು ಪಾಲು ಮನೆಗೆ ಮಾಲಕರು, ನೆಲಕ್ಕೆ ಬಾಡಿಗೆದಾರರು. ಹೆಸರು ಮೊಬೈಲ್ ಮನೆಯಾದರೂ ಒಮ್ಮೆ ನೆಲೆಯೂರಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಕದಲುವುದೇ ಇಲ್ಲ. ಕದಲಿಸಲು ಹಲವು ಸಾವಿರ ಡಾಲರ್ ಬೇಕು. ಹಳೆಯ ಮನೆ ಪ್ರಯಾಣವನ್ನು ತಾಳಿಕೊಳ್ಳದು. ಬೇರೆ ಪಾರ್ಕಿನವರು ಅದನ್ನು ಒಳಗೆ ಸೇರಿಸರು. ಹೀಗಿರುವಾಗ ಜಾಗದ ಒಡೆಯನು ಬಾಡಿಗೆ ಏರಿಸಿದರೆ ನಿವಾಸಿ ಎಲ್ಲಿಗೆ ಹೋಗಬೇಕು? ಈ ಅಸಹಾಯಕತೆಯನ್ನೇ ಲಾಭದ ಖಾತರಿಯೆಂದು ಎಣಿಸಿದ ಹೂಡಿಕೆ ಸಂಸ್ಥೆಗಳು ಕಳೆದ ಎರಡು ದಶಕಗಳಿಂದ ಇಂತಹ ಪಾರ್ಕುಗಳನ್ನು ಒಂದೊಂದಾಗಿ ಖರೀದಿಸುತ್ತಿವೆ.

ಸಾಲದ ವಿಷಯದಲ್ಲೂ ಅನ್ಯಾಯ ಹೀಗೆಯೇ ಮುಂದುವರಿದಿದೆ. ನೆಲವಿಲ್ಲದ ಮನೆ ಅನೇಕ ರಾಜ್ಯಗಳಲ್ಲಿ ಸ್ಥಿರಾಸ್ತಿಯಲ್ಲ, ಚರಾಸ್ತಿ. ಕಾರಿನಂತೆ ಅದಕ್ಕೂ ಒಂದು ಒಡೆತನದ ಪತ್ರ. ಆದ್ದರಿಂದ ಗೃಹಸಾಲದ ರಿಯಾಯಿತಿಗಳೂ ರಕ್ಷಣೆಗಳೂ ಇದಕ್ಕೆ ಪೂರ್ಣವಾಗಿ ದೊರೆಯುವುದಿಲ್ಲ. ಇಂತಹ ಮನೆಗಳ ಖರೀದಿ ಸಾಲಗಳಲ್ಲಿ ಶೇ. 42ರಷ್ಟು ಚರಾಸ್ತಿ ಸಾಲಗಳೆಂದೂ ಅವುಗಳ ಬಡ್ಡಿ ಹೆಚ್ಚೆಂದೂ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಮಂಡಳಿಯು 2021ರ ವರದಿಯಲ್ಲಿ ಹೇಳಿದೆ. 1990ರ ದಶಕದ ಕೊನೆಯಲ್ಲಿ ಹಿಂದುಮುಂದು ನೋಡದೆ ಹಂಚಿದ ಇಂತಹ ಸಾಲಗಳು ಮುಳುಗಿ, ಮನೆಗಳನ್ನು ಮುಟ್ಟುಗೋಲು ಹಾಕಿಕೊಂಡಾಗ ಇಡೀ ಉದ್ಯಮವೇ ಕುಸಿದಿತ್ತು. 2008ರ ಮಹಾಕುಸಿತಕ್ಕೆ ಅದು ಮುನ್ಸೂಚನೆಯಾಗಿತ್ತು. ಆದರೆ ಬಡವರ ಪಾರ್ಕಿನಿಂದ ಬಂದ ಸೂಚನೆಯನ್ನು ಓದುವ ವ್ಯವಧಾನ ಯಾರಿಗಿತ್ತು?

ಕತ್ತಲೆಯ ನಡುವೆ ಬೆಳಕೂ ಇದೆಯೆನ್ನಬೇಕು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರೆಡಿತ್ ಎಂಬಲ್ಲಿ 1984ರಲ್ಲಿ 13 ಕುಟುಂಬಗಳು ತಮ್ಮ ಪಾರ್ಕು ಮಾರಾಟಕ್ಕಿದೆಯೆಂದು ತಿಳಿದಾಗ ಸಹಕಾರಿ ಸಂಘ ಕಟ್ಟಿಕೊಂಡು, ಒಂದು ಸಮುದಾಯ ನಿಧಿಯಿಂದ ಸಾಲ ಪಡೆದು ನೆಲವನ್ನೇ ಕೊಂಡುಕೊಂಡವು. ಪಾರ್ಕನ್ನು ಮಾರುವ ಮುನ್ನ ನಿವಾಸಿಗಳಿಗೆ 60 ದಿನಗಳ ಸೂಚನೆ ನೀಡಿ ಅವರೊಂದಿಗೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕೆಂಬ ಕಾನೂನನ್ನೂ ಆ ರಾಜ್ಯ ಮಾಡಿತು. ಇಂದು ಆ ಪುಟ್ಟ ರಾಜ್ಯದಲ್ಲಿ ನಿವಾಸಿಗಳೇ ಒಡೆಯರಾಗಿರುವ ಪಾರ್ಕುಗಳು ನೂರಕ್ಕೂ ಹೆಚ್ಚಿವೆ. ಕೊಲರಾಡೋ ರಾಜ್ಯವು 2020ರಲ್ಲಿ ನಿವಾಸಿಗಳಿಗೆ ಕೊಳ್ಳುವ ಅವಕಾಶಕ್ಕಾಗಿ 90 ದಿನ ನೀಡಿತು. 2022ರಲ್ಲಿ ಅದನ್ನು 120 ದಿನಗಳಿಗೆ ಏರಿಸಿತು. ಸರಕಾರವು ಇಲ್ಲಿ ಹಣ ಸುರಿಯಲಿಲ್ಲ, ಮಾರುಕಟ್ಟೆಯನ್ನು ಮುಚ್ಚಲೂ ಇಲ್ಲ. ದುರ್ಬಲನಿಗೆ ಉಸಿರಾಡಲು ಸ್ವಲ್ಪ ಸಮಯ ಕೊಟ್ಟಿತು, ಅಷ್ಟೆ. ನಿಯಂತ್ರಣವೆಂದರೆ ದಂಡ ಮತ್ತು ಪರವಾನಿಗೆ ಮಾತ್ರವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹಾಗೆಯೇ ನಿಯಂತ್ರಣದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನೂ ನಾವು ಮರೆಮಾಚಬಾರದು. ಮನೆಯ ಗುಣಮಟ್ಟದ ಬಗ್ಗೆ ಸ್ಥಳೀಯ ಆಡಳಿತಕ್ಕೆ ಅಧಿಕಾರವಿಲ್ಲದಿದ್ದರೂ ಅದು ಎಲ್ಲಿ ನಿಲ್ಲಬೇಕೆಂಬ ಅಧಿಕಾರ ಉಳಿದಿತ್ತು. ಅನೇಕ ನಗರಗಳು ಅದನ್ನು ಬಳಸಿ ಈ ಮನೆಗಳನ್ನು ಊರಿನ ಅಂಚಿಗೆ, ಹೆದ್ದಾರಿಯ ಬದಿಗೆ, ತಗ್ಗು ಪ್ರದೇಶಕ್ಕೆ ತಳ್ಳಿದವು. ಸೌಂದರ್ಯದ ಕಾರಣ, ಆಸ್ತಿಯ ಬೆಲೆ ಕುಸಿಯುವ ಕಾರಣ ಎಂದೆಲ್ಲ ಹೇಳಲಾಯಿತು. ನಿಜವಾದ ಕಾರಣ, ಬಡವನ ನೆರೆ ಬೇಡವೆಂಬುದು. ಖಾಯಂ ಅಡಿಪಾಯದ ಮೇಲೆ ನಿಲ್ಲಿಸುವ ಕಾರ್ಖಾನೆ ಮನೆಗಳನ್ನು ಸಾಮಾನ್ಯ ವಸತಿ ಬಡಾವಣೆಗಳಿಂದ ಹೊರಗಿಡುವಂತಿಲ್ಲವೆಂದು ಕ್ಯಾಲಿಫೋರ್ನಿಯ 1980ರಲ್ಲಿ ಕಾನೂನು ಮಾಡಬೇಕಾಗಿ ಬಂದುದು ಇದೇ ಕಾರಣಕ್ಕೆ. ಜೀವವನ್ನು ಕಾಯುವ ನಿಯಮ ಬೇರೆ, ಬಡವನನ್ನು ದೂರವಿಡುವ ನಿಯಮ ಬೇರೆ. ಎರಡಕ್ಕೂ ನಿಯಮವೆಂಬ ಒಂದೇ ಹೆಸರಿರುವುದರಿಂದ ಮೊದಲನೆಯದನ್ನು ವಿರೋಧಿಸುವವರು ಎರಡನೆಯದರ ಉದಾಹರಣೆ ಕೊಡುತ್ತಾರೆ. ಎರಡನೆಯದನ್ನು ಸಮರ್ಥಿಸುವವರು ಮೊದಲನೆಯದರ ಹೆಸರು ಹೇಳುತ್ತಾರೆ. ಈ ಗೊಂದಲದಿಂದ ಪಾರಾಗಲು ನಮ್ಮ ಬಳಿ ಒಂದೇ ಒರೆಗಲ್ಲಿದೆ: ಈ ನಿಯಮವು ಮನೆಯೊಳಗಿರುವವನನ್ನು ಕಾಯುತ್ತದೆಯೇ, ಇಲ್ಲವೇ ಹೊರಗಿರುವವನ ಅಸಹನೆಯನ್ನು ಕಾಯುತ್ತದೆಯೇ?

ಅಮೆರಿಕದ ಮನೆಗಳ ಗೊಡವೆ ನಮಗೇಕೆ ಎಂದು ಕೆಲವರು ಕೇಳಬಹುದು. ಕಾರ್ಖಾನೆಯ ಮನೆ ನಮ್ಮ ಬಾಗಿಲಿಗೂ ಬಂದಾಗಿದೆ ಎಂಬುದೇ ನಮ್ಮ ಉತ್ತರ. ಕೇಂದ್ರ ಸರಕಾರವು 2021ರ ಜನವರಿ 1ರಂದು ಇಂದೋರ್, ರಾಜ್‌ಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಕ್ನೋ ಎಂಬ ಆರು ನಗರಗಳಲ್ಲಿ ಹೊಸ ತಂತ್ರಜ್ಞಾನದ ವಸತಿ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡಿತು. ಒಂದೊಂದರಲ್ಲೂ ಸುಮಾರು ಸಾವಿರ ಮನೆಗಳು. ಚೆನ್ನೈಯಲ್ಲಿ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಲಾಯಿತು. ಇಂದೋರ್‌ನಲ್ಲಿ ಸಿದ್ಧ ಗೋಡೆ ಹಲಗೆಗಳನ್ನು, ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಪೆಟ್ಟಿಗೆಗಳಂತೆ ಎರಕ ಹೊಯ್ದು ಜೋಡಿಸುವ ವಿಧಾನವನ್ನು ಆರಿಸಿಕೊಳ್ಳಲಾಯಿತು. ಬೇಗ ಮುಗಿಯುವ, ವ್ಯರ್ಥ ಕಡಿಮೆಯಿರುವ ಈ ವಿಧಾನವನ್ನು ನಾವು ವಿರೋಧಿಸುವುದಿಲ್ಲ. ಕೋಟ್ಯಂತರ ಮಂದಿಗೆ ಸೂರಿಲ್ಲದ ದೇಶದಲ್ಲಿ ಕಾರ್ಖಾನೆಯ ವೇಗ ವರದಾನವೇ ಸರಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇಂತಹ ನಿರ್ಮಾಣಕ್ಕೆ ಪ್ರತ್ಯೇಕ ವಿಭಾಗವೂ ಇದೆ. ಆದರೆ ಸಂಹಿತೆ ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕಾರ್ಖಾನೆಯ ಅಂಗಳದಲ್ಲೂ ನಿವೇಶನದಲ್ಲೂ ನಿಂತು ಜಾರಿಗೊಳಿಸುವ ಕೈ ಬೇಕು ಎಂಬುದನ್ನೇ ಅಮೆರಿಕದ ಅರ್ಧ ಶತಮಾನದ ಅನುಭವ ಹೇಳುತ್ತದೆ.

ಇದಕ್ಕಿಂತಲೂ ಹತ್ತಿರದ ಒಂದು ದೃಶ್ಯವಿದೆ. ಬೆಂಗಳೂರಿನಲ್ಲಿ ಗಗನಚುಂಬಿ ಕಟ್ಟಡವೊಂದು ಏಳುವಾಗ ಅದರ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲೊಂದೂ ಏಳುತ್ತದೆ. ಕಲಬುರಗಿ, ರಾಯಚೂರಿನಿಂದ ಬಂದವರೂ ಬಿಹಾರ, ಬಂಗಾಳದಿಂದ ಬಂದವರೂ ಆ ಶೆಡ್ಡುಗಳಲ್ಲಿ ಸಂಸಾರ ಹೂಡುತ್ತಾರೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಅಥವಾ ಸಮೀಪದಲ್ಲಿ ಉಚಿತವಾಗಿ ತಾತ್ಕಾಲಿಕ ವಸತಿ, ಪ್ರತ್ಯೇಕ ಅಡುಗೆ ಜಾಗ, ಸ್ನಾನದ ಮನೆ, ಶೌಚಾಲಯ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯ್ದೆಯ ಸ್ಥಾನವನ್ನು ಆಕ್ರಮಿಸಿವೆ. ಕಾನೂನಿನ ಹೆಸರು ಬದಲಾಗಿದೆ, ಶೆಡ್ಡಿನ ತಗಡು ಬದಲಾಗಿಲ್ಲ. ಬೇಸಿಗೆಯಲ್ಲಿ ಅದು ಕಾವಲಿಯಂತೆ ಕಾಯುತ್ತದೆ, ಮಳೆಗಾಲದಲ್ಲಿ ಅದರ ನೆಲ ಕೆಸರಾಗುತ್ತದೆ. ಅದು ಮನೆಯೇ, ಗೋದಾಮೇ? ಅದು ಮನೆಯಲ್ಲವೆಂದು ಕಾನೂನು ಭಾವಿಸುವ ತನಕ ಅದರೊಳಗಿನವನ ಮಗು, ಫೇಮಾ ಟ್ರೈಲರಿನೊಳಗಿನ ಮಗುವಿನಂತೆಯೇ ವ್ಯಾಖ್ಯೆಯ ಹೊರಗೆ ಉಳಿದುಬಿಡುತ್ತದೆ.

ಆದ್ದರಿಂದ ನಮ್ಮ ಆಗ್ರಹಗಳು ಸರಳವಾಗಿವೆ. ಮೊದಲನೆಯದಾಗಿ, ಮನುಷ್ಯರು ತಿಂಗಳುಗಟ್ಟಲೆ ವಾಸಿಸುವ ಯಾವುದೇ ಸಿದ್ಧ ರಚನೆಯನ್ನು, ಅದಕ್ಕೆ ಚಕ್ರವಿರಲಿ ತಗಡಿರಲಿ, ಮನೆಯೆಂದೇ ಪರಿಗಣಿಸಬೇಕು. ಎರಡನೆಯದಾಗಿ, ಅಗ್ನಿ, ಗಾಳಿ, ವಿಷಾನಿಲ ಮತ್ತು ಪಾರಾಗುವ ದಾರಿ ಈ ನಾಲ್ಕರಲ್ಲಿ ಬೆಲೆಯ ನೆಪದ ರಿಯಾಯಿತಿ ಸಲ್ಲದು. ಮೂರನೆಯದಾಗಿ, ತಪಾಸಣೆ ಮಾಡುವವನ ಅನ್ನದ ಬಟ್ಟಲು ತಯಾರಕನ ಕೈಯಲ್ಲಿರಬಾರದು. ಅವನ ವರದಿ ನಿವಾಸಿಯ ಭಾಷೆಯಲ್ಲಿ, ನಿವಾಸಿಯ ಕೈಗೆ ಸಿಗುವಂತಿರಬೇಕು. ನಾಲ್ಕನೆಯದಾಗಿ, ವಿಪತ್ತು ಬಂದಾಗ ಖರೀದಿಸುವ ತಾತ್ಕಾಲಿಕ ವಸತಿಗಳಿಗೆ ಮಟ್ಟವನ್ನು ವಿಪತ್ತಿಗೆ ಮೊದಲೇ ನಿಗದಿಪಡಿಸಬೇಕು. ನೆರೆಯ ನೀರು ಅಂಗಳಕ್ಕೆ ಬಂದ ಮೇಲೆ ಟೆಂಡರಿನ ಷರತ್ತು ಬರೆಯುವವನು ಸಿಕ್ಕಿದ್ದನ್ನು ಕೊಳ್ಳುತ್ತಾನೆ.

ಸಂಕಷ್ಟದಲ್ಲಿರುವವನಿಗೆ ಸೂರು ಕೊಡುವುದು ದೊಡ್ಡ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡುವ ಕೈ ತಾನು ಕೊಟ್ಟದ್ದನ್ನು ತನ್ನ ಮಕ್ಕಳಿಗೂ ಕೊಡಬಲ್ಲೆನೇ ಎಂದು ಒಮ್ಮೆ ಕೇಳಿಕೊಳ್ಳಬೇಕು. ಫೇಮಾದ ಅಧಿಕಾರಿಗಳು ಒಂದೇ ಒಂದು ರಾತ್ರಿ ತಮ್ಮ ಮಕ್ಕಳೊಂದಿಗೆ ಆ ಟ್ರೈಲರಿನಲ್ಲಿ ಮಲಗಿದ್ದರೆ ಪ್ರಯೋಗಾಲಯದ ವರದಿಗಾಗಿ ಎರಡೂವರೆ ವರ್ಷ ಕಾಯಬೇಕಾಗಿರಲಿಲ್ಲ. ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಕಳೆಯಲು ನಮ್ಮ ಯಾವ ಅಧಿಕಾರಿ, ಯಾವ ಬಿಲ್ಡರ್ ಸಿದ್ಧನಿದ್ದಾನೆ?